ಆಗಸ್ಟ್ ತಿಂಗಳ ಸುಳ್ಳು ಅಂಕ

ಮಾರ್ಲೊ, ಓಹಿಯೋ
ಮಂಗಳವಾರ, ಅಕ್ಟೋಬರ್ 14

ಪ್ರೀತಿಯ ಕಾರ್ವಿನ್,

ಮೂರು ದಿನದ ಹಿಂದೆ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟು ತಿಂದವನನ್ನು ಬರುವ ಶನಿವಾರ ಮತ್ತೆ ಮೈದಾನಕ್ಕೆ ಇಳಿಸುವುದು ಅನ್ಯಾಯ. ಆ ಪೆಟ್ಟು ತಿಂದವನು ನೀನು. ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ, ಆದ್ದರಿಂದ ಈ ಕಾಗದ.

ನಾನು ತಂಡ ಬಿಟ್ಟದ್ದನ್ನು ಕಾಲೇಜಿನ ಹೇಳಿಕೆಯಲ್ಲಿ ಓದಿರುತ್ತೀಯ. "ಮುಂಸಾಲಿನ ಎಡ ಗಾರ್ಡ್ ಅಮೋಸ್ ಟಿಲ್ಲರಿ ಬೇರೆ ಅವಕಾಶಗಳನ್ನು ಅರಸಿ ತಂಡವನ್ನು ತೊರೆಯುತ್ತಿದ್ದಾರೆ. ಅವರಿಗೆ ಶುಭವಾಗಲಿ." ನಡೆದದ್ದು ಹೀಗೆ. ಸೋಮವಾರ ಅಭ್ಯಾಸಕ್ಕೆ ಮುಂಚೆ ಕೋಚ್ ಡ್ರಮ್ಮಂಡ್ ಕೋಣೆಗೆ ಹೋಗಿ, ಕಾರ್ವಿನ್‌ನ ಆಗಸ್ಟ್ ಪರೀಕ್ಷೆಯ ಅಂಕ ಸುಳ್ಳು, ಅದನ್ನು ನಂಬಿ ಅವನನ್ನು ಆಡಿಸಬೇಡಿ ಎಂದೆ. ಅವರು ಎದ್ದು ಬಾಗಿಲು ಹಾಕಿದರು. "ಹಾಗಂತ ಕಾರ್ವಿನ್ ಹೇಳಿದ್ನಾ?" ಇಲ್ಲ, ನಾನು ಹೇಳುತ್ತಿದ್ದೇನೆ ಎಂದೆ. "ಹಾಗಾದ್ರೆ ನನ್ನ ಕಿವಿಗೆ ಏನೂ ಬಿದ್ದಿಲ್ಲ. ಬಾಯಿ ಮುಚ್ಕೊಂಡು ಅಭ್ಯಾಸಕ್ಕೆ ಬಾ, ಇಲ್ಲಾ ಲಾಕರ್ ಖಾಲಿ ಮಾಡು." ನಾನು ಲಾಕರ್ ಖಾಲಿ ಮಾಡಿದೆ. ಹತ್ತು ನಿಮಿಷ ಸಾಕಾಯಿತು.

ಆಗಸ್ಟ್ ಪರೀಕ್ಷೆ ಹೇಗೆ ನಡೆಯುತ್ತದೆಂದು ನಮ್ಮಿಬ್ಬರಿಗೂ ಗೊತ್ತು, ಆದರೂ ಬರೆದಿಡುತ್ತೇನೆ. ಈ ಕಾಗದವನ್ನು ಮುಂದೆ ಇನ್ನೊಬ್ಬರು ಓದಬೇಕಾಗಬಹುದು. ಸೀಸನ್ ಶುರುವಾಗುವ ಮೊದಲು ನಮ್ಮನ್ನೆಲ್ಲ ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ಪರದೆಯ ಮೇಲೆ ಹನ್ನೆರಡು ಪದ ಬಂದು ಹೋಗುತ್ತವೆ. ಎಷ್ಟು ನೆನಪಿದೆ ಎಂದು ಹೇಳಬೇಕು. ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆ ಮತ್ತೆ. ಅಂಕ ಇಳಿದರೆ ಆಟವಿಲ್ಲ, ಬೆಂಚು. ಅದಕ್ಕೇ ಹಳಬರು ಹೊಸಬರಿಗೆ ಪ್ಯಾಡ್ ಬಿಗಿಯುವುದನ್ನು ಕಲಿಸಿದ ಹಾಗೆ ಆಗಸ್ಟ್‌ನಲ್ಲಿ ಬೇಕೆಂದೇ ಕಡಿಮೆ ಪದ ಹೇಳುವುದನ್ನೂ ಕಲಿಸುತ್ತಾರೆ. ನಿನಗೆ ಕಲಿಸಿದವನು ನಾನು. "ಆಗಸ್ಟ್‌ನಲ್ಲಿ ದಡ್ಡನಾಗಿಬಿಡೋ. ಆಮೇಲೆ ತಲೆ ಗಿರ್ ಅಂದ್ರೂ ಅಂಕ ಇಳಿಯಲ್ಲ" ಅಂದೆ. "ನನಗೆ ನಟನೆ ಬೇಕಿಲ್ಲ ಕಣೋ, ನಾನು ನಿಜವಾದ ದಡ್ಡನೇ" ಅಂದೆ ನೀನು. ಆಗ ನೀನು ಕೆಮಿಸ್ಟ್ರಿಯಲ್ಲಿ ತರಗತಿಗೇ ಮೊದಲಿಗ.

ಈ ವರ್ಷದ ಆಗಸ್ಟ್‌ನಲ್ಲೂ ನೀನು ಬೇಕೆಂದೇ ಐದು ಪದ ಹೇಳಿದೆ. ಮೊನ್ನೆ ಭಾನುವಾರವೂ ಐದು. ಬದಲಾವಣೆ ಇಲ್ಲ ಎಂದು ಬರೆದು ತಂಡದ ವೈದ್ಯರು ನಿನ್ನನ್ನು ಕಳಿಸಿದರು. ಜಿಮ್‌ನಲ್ಲಿ ಎಲ್ಲರೂ "ಕಾರ್ವಿನ್ ತಲೆ ಕಬ್ಬಿಣ ಕಣ್ರೋ" ಎಂದು ನಿನ್ನ ಬೆನ್ನು ತಟ್ಟಿದರು. ಈ ಸಲದ ಐದು ನಟನೆಯಲ್ಲ ಎಂದು ಅಲ್ಲಿ ನಿನಗೂ ನನಗೂ ಮಾತ್ರ ಗೊತ್ತಿತ್ತು.

ಆದರೂ ನಾನೂ ನಿನ್ನ ಬೆನ್ನು ತಟ್ಟಿದೆ. ಸೋಮವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ನೀನು ಮೊಟ್ಟೆಗೆ ಉಪ್ಪು ಕೊಡ್ರೋ ಎಂದು ಮೂರು ಸಲ ಕೇಳಿದೆ. ಉಪ್ಪಿನ ಡಬ್ಬಿ ನಿನ್ನ ಕೈಯಲ್ಲೇ ಇತ್ತು. ಮೇಜಿನವರೆಲ್ಲ ನಕ್ಕರು, ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ತಟ್ಟೆ ಇಟ್ಟು ಹೊರಗೆ ಬಂದವನು ನೇರ ಕೋಚ್ ಕೋಣೆಗೆ ಹೋದೆ.

ಹುಡುಗರು ನನಗೆ ಇಟ್ಟ ಹೆಸರು ಕರಪತ್ರ. "ಏನಪ್ಪಾ ಕರಪತ್ರ, ಇವತ್ತು ಯಾರಿಗೆ ಬಿಡುಗಡೆ?" ಎಂದು ಕಾಲೆಳೆಯುತ್ತಾರೆ. ಬಸ್ ಚಾಲಕರ ಸಂಘದ ಕಚೇರಿಯಿಂದ ತಂದ ಕರಪತ್ರಗಳನ್ನೆಲ್ಲ ಅಭ್ಯಾಸ ಮುಗಿಸಿ ಐಸ್ ತೊಟ್ಟಿಯಲ್ಲಿ ಕೂತು ಓದಿದವನು ನಾನು, ನಾಚಿಕೆಯಿಲ್ಲ. ಅದರಲ್ಲಿ ಬರೆದದ್ದೆಲ್ಲ ಸರಿಯೆಂದು ಹೇಳಲಾರೆ. ಒಂದು ಮಾತು ಮಾತ್ರ ಖಂಡಿತ ಸರಿ: ಗಾಯಗೊಂಡವನು ಮತ್ತೆ ಕೆಲಸಕ್ಕೆ ಇಳಿಯಬಹುದೇ ಎಂಬುದನ್ನು ಆ ಕೆಲಸದಿಂದ ಲಾಭ ಪಡೆಯುವವರು ತೀರ್ಮಾನಿಸಬಾರದು. ನಮ್ಮನ್ನು ಹೊರಗಿನ ವೈದ್ಯರೇ ಪರೀಕ್ಷಿಸಬೇಕೆಂದು ಒಂದು ಮನವಿ ಬರೆದಿದ್ದೇನೆ. ಕಾಲೇಜು ಹೇಳಿದ ನನ್ನ "ಬೇರೆ ಅವಕಾಶ" ಇದೇ. ಈವರೆಗೆ ನಾಲ್ಕು ಸಹಿ ಬಿದ್ದಿವೆ. ಅದರಲ್ಲಿ ಮೂರು ಚೆಂಡು ಒದೆಯಲು ಮಾತ್ರ ಇಳಿಯುವವರದ್ದು, ಅವರನ್ನು ಯಾರೂ ಗುದ್ದುವುದೇ ಇಲ್ಲ. ನಗು, ಪರವಾಗಿಲ್ಲ. ಸೀಸನ್ ಮುಗಿಯುವುದರೊಳಗೆ ಅರವತ್ತಾಗುತ್ತವೆ.

ನಿನ್ನೆ ಸಂಜೆ ಪಾರ್ಕಿಂಗ್‌ನಲ್ಲಿ ನೀನು ನನ್ನ ಎದೆಗೆ ಕೈ ಹಾಕಿ ದೂಡಿದೆ. "ಶನಿವಾರ ದೊಡ್ಡ ತಂಡದವರು ನನ್ನನ್ನ ನೋಡೋಕೆ ಬರ್ತಾ ಇದಾರೆ. ಮೂರು ವರ್ಷ ಕಾದಿದೀನಿ. ನನ್ನ ತಲೆ, ನನ್ನಿಷ್ಟ. ಕೇಳೋಕೆ ನೀನ್ಯಾವನೋ?" ಅಂದೆ.  ಯಾವನೆಂದು ಹೇಳುತ್ತೇನೆ. ನಿನಗೆ ಆ ಸುಳ್ಳು ಕಲಿಸಿದವನು ನಾನು. ಅದನ್ನು ವಾಪಸ್ ತೆಗೆದುಕೊಳ್ಳುವ ಹಕ್ಕು ನನಗಿದೆ.

ಕೆನಲ್ ರಸ್ತೆಯ ಕ್ಲಿನಿಕ್‌ನಲ್ಲಿ ಡಾಕ್ಟರ್ ಇಬಾರಾ ಎಂಬವರಿದ್ದಾರೆ. ಅವರಿಗೂ ಕಾಲೇಜಿಗೂ ಸಂಬಂಧವಿಲ್ಲ. ಶುಕ್ರವಾರಕ್ಕೆ ನಿನ್ನ ಹೆಸರಿನಲ್ಲಿ ಸಮಯ ತೆಗೆದುಕೊಂಡಿದ್ದೇನೆ. ಆಗಸ್ಟ್‌ನ ನಿಜ ಹೇಳು, ಪೂರ್ತಿ ಪರೀಕ್ಷೆ ಮಾಡಿಸು. ಅವರು ಆಡಬಹುದು ಎಂದರೆ ಶನಿವಾರ ಗ್ಯಾಲರಿಯಲ್ಲಿ ಗಂಟಲು ಹರಿಯುವ ಹಾಗೆ ನಿನ್ನ ಹೆಸರು ಕೂಗುತ್ತೇನೆ. ಬೇಡ ಎಂದರೆ ನಿನ್ನ ಜೊತೆ ಬೆಂಚಿನ ಹಿಂದೆ ನಿಂತಿರುತ್ತೇನೆ, ಯಾರು ಏನಾದರೂ ಅನ್ನಲಿ. ತೀರ್ಮಾನ ನಿನ್ನದು.

ಮೂರು ಸೀಸನ್ ನಿನ್ನ ಎಡಕ್ಕೆ ನಿಂತವನು,
ಅಮೋಸ್

ತಾ.ಕ. ತೀರ್ಮಾನ ನಿನ್ನದು ಎಂದು ಬರೆದದ್ದು ಪೂರ್ತಿ ನಿಜವಲ್ಲ. ಇವತ್ತು ಬೆಳಿಗ್ಗೆ ನಿಮ್ಮಮ್ಮನಿಗೆ ಫೋನ್ ಮಾಡಿದೆ. ನಿನಗೆ ಪೆಟ್ಟು ಬಿದ್ದದ್ದೇ ಅವರಿಗೆ ಗೊತ್ತಿರಲಿಲ್ಲ. ನಾನು ಕಲಿಸಿದ್ದನ್ನೂ ಬಿಡದೆ ಹೇಳಿದೆ. ಎಲ್ಲ ಕೇಳಿ, "ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ ಕಣಪ್ಪ" ಅಂದರು. ಶುಕ್ರವಾರ ತಾವು ಓಡಿಸುವ ಶಾಲೆಯ ಬಸ್ಸನ್ನು ಬೇರೆಯವರಿಗೆ ಒಪ್ಪಿಸಿ, ಕತ್ತಲಲ್ಲೇ ಡೇಟನ್‌ನಿಂದ ಹೊರಡುತ್ತಾರಂತೆ. "ಅವನು ಕ್ಲಿನಿಕ್‌ಗೆ ಬರದಿದ್ರೆ ಶನಿವಾರ ನಾನೇ ಮೈದಾನಕ್ಕೆ ಇಳೀತೀನಿ. ಎಲ್ಲರ ಮುಂದೆ ಅವನ ಹೆಲ್ಮೆಟ್ ನನ್ನ ಕೈಯಾರೆ ಬಿಚ್ತೀನಿ, ಅವನಿಗೆ ಹೇಳು." ಹೇಳಿದ್ದೇನೆ. ನಾವಿಬ್ಬರೂ ಕ್ಲಿನಿಕ್ ಬಾಗಿಲಲ್ಲಿ ಇರುತ್ತೇವೆ. ಶುಕ್ರವಾರ, ಬೆಳಿಗ್ಗೆ ಏಳು ಗಂಟೆ.