ಅತ್ತೆಯ ಬರಿಗಾಲು

ಯಡ್ರಾಮಿ
೬ ಮೇ ೨೦೨೬

ಪ್ರೀತಿಯ ರೀ,

ಶರಣು ಶರಣಾರ್ಥಿ. ಹೇಗಿದ್ದೀರಿ? ಈಗಲಾದರೂ ನಿದ್ದೆ ಹತ್ತುತ್ತದೆಯೇ, ಇನ್ನೂ ಬೆಚ್ಚಿಬಿದ್ದು ಏಳುತ್ತೀರೋ? ಕಳಿಸಿದ ಶೇಂಗಾ ಹೋಳಿಗೆ ನಿಮ್ಮ ಬಾಯಿಗೆ ಬಿತ್ತೋ, ಇಲ್ಲಾ ಎಲ್ಲವನ್ನೂ ನಿಮ್ಮ ಪಲ್ಟನಿನ ಗೆಳೆಯ ಬಲಜಿಂದರ ಅವರೇ ಮುಗಿಸಿದರೋ? ಮುಗಿಸಿದ್ದರೆ ಮುಗಿಸಲಿ ಬಿಡಿ. ಹಿಮ ಕುಸಿದ ದಿನ ನಿಮ್ಮನ್ನು ಅಗೆದು ತೆಗೆದ ಕೈಗಳವು, ಇನ್ನೊಂದು ಡಬ್ಬಿ ಬೇಕಾದರೂ ಮಾಡಿ ಕಳಿಸುತ್ತೇನೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಚೆನ್ನಾಗಿಲ್ಲ. ಹೆದರಿಕೊಂಡಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಫೋನ್ ಬಂದ ಕೂಡಲೇ ಅತ್ತೆಯವರು ಸ್ಪೀಕರ್ ಹಾಕಿಸಿ ನನ್ನ ಮಗ್ಗುಲಿಗೇ ಕೂರುತ್ತಾರೆ. ಅದಕ್ಕೇ ಈ ಪತ್ರ.

ನೀವು ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆ ಮಲಗಿದ್ದಾಗ ಬಲಜಿಂದರ ಅತ್ತೆಯವರಿಗೆ ಫೋನ್ ಮಾಡಿ, ನಮ್ಮ ಹೇಮಕುಂಡ ಸಾಹಿಬ ಗುರುದ್ವಾರಕ್ಕೆ ಬೇಡಿಕೊಳ್ಳಿ ಮಾಂಜೀ ಎಂದರು. ಅವರು ಹೇಳಿದ್ದು ಅಷ್ಟೇ. ಬರಿಗಾಲಲ್ಲಿ ಹತ್ತಿ ಬರುತ್ತೇನೆ ಎಂದು ಸೇರಿಸಿದವರು ನಿಮ್ಮ ತಾಯಿ. ಯುಗಾದಿಗೆ ಶ್ರೀಶೈಲಕ್ಕೆ ಬರಿಗಾಲಲ್ಲಿ ಹೋಗಿ ರೂಢಿಯಲ್ಲವೇ, ದೇವರ ದಾರಿ ಎಂದರೆ ಎಲ್ಲಾ ಕಡೆ ಒಂದೇ ಎಂದುಕೊಂಡರು. ಆ ಗುರುದ್ವಾರ ಇರುವುದು ಆಕಾಶಕ್ಕೆ ಅಂಟಿಕೊಂಡಂಥ ಬೆಟ್ಟದ ಮೇಲೆ, ಜೂನಿನಲ್ಲೂ ದಾರಿ ತುಂಬ ಹಿಮ. ಸಿಖ್ಖರೇ ಬೂಟು ಹಾಕಿಕೊಂಡು ಹತ್ತುತ್ತಾರೆ ನೋಡಿ ಎಂದು ಮೊಬೈಲಿನಲ್ಲಿ ತೋರಿಸಿದೆ. "ಅವರ ಕಾಲು ಅವರಿಗೆ, ನನ್ನ ಕಾಲು ನನಗ" ಎಂದರು. ಎದೆಯ ಮೇಲೆ ಲಿಂಗ ಇರುವಾಗ ಹರಕೆ ಯಾಕೆ ಎಂದು ಮಠದ ಅಜ್ಜಾರೂ ಬುದ್ಧಿ ಹೇಳಿದರು. ಹೊರಗೆ ಬಂದು ಅತ್ತೆಯವರು ನನಗೆ ಏನಂದರು ಗೊತ್ತೇ? "ಅಜ್ಜಾರಿಗೇನು ಬೇ, ಮಕ್ಕಳಿಲ್ಲ ಮರಿ ಇಲ್ಲ." ನನಗೆ ನಗುವೂ ಬಂತು, ಅಳುವೂ ಬಂತು.

ಈಗ ದಿನಾ ಮಟಮಟ ಮಧ್ಯಾಹ್ನ ಜೇವರ್ಗಿ ರಸ್ತೆಯಲ್ಲಿ ಬರಿಗಾಲಲ್ಲಿ ನಡೆದು ತಯಾರಿ ಮಾಡುತ್ತಾರೆ. ಡಾಂಬರು ಕರಗುವ ಬಿಸಿಲು, ನಾಯಿಗಳೂ ನೆರಳು ಬಿಟ್ಟು ಏಳುವುದಿಲ್ಲ. ಇವರು ಮಾತ್ರ ಹಸಿರು ಹುಲ್ಲಿನ ಮೇಲೆ ನಡೆದಂತೆ ನಡೆದು ಬರುತ್ತಾರೆ. ಪಕ್ಕದ ಮನೆಯ ಹಣಮವ್ವ, "ಗುರಮ್ಮಗ ಬಿಸಿನೇ ಮುಟ್ಟಂಗಿಲ್ಲ, ದೇವ್ರು ಕಾಲು ಕಾಯಾಕತ್ತಾನ" ಎಂದು ಓಣಿಗೆಲ್ಲ ಸಾರಿದ್ದಾಳೆ. ಹೆಂಗಸರು ಬಂದು ಆ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದಾರೆ! ನಾನೂ ಮಾಡಿದೆ, ಸುಳ್ಳೇಕೆ ಹೇಳಲಿ. ಸೋಮವಾರ ಅವರ ಕಾಲು ತೊಳೆಯುವಾಗ ನೋಡಿದರೆ ಹಿಮ್ಮಡಿಯಲ್ಲಿ ಜಾಲಿ ಮುಳ್ಳು ಮುರಿದು ಕೂತು, ಸುತ್ತ ಕೀವು ತುಂಬಿತ್ತು. "ಎಲ್ಲಿ ಅದ ಬೇ ಮುಳ್ಳು?" ಎಂದು ನನ್ನನ್ನೇ ಕೇಳಿದರು.

ಮುಳ್ಳು ತೆಗೆಸುವ ನೆಪ ಮಾಡಿ ಜೇವರ್ಗಿಗೆ ಕರೆದೊಯ್ದೆ. ಡಾಕ್ಟರು ಅಂಗಾಲಿಗೆ ಸೂಜಿ ಒತ್ತುತ್ತಾ ಹೋದರು, ಅತ್ತೆಯವರು ಅವರಿಗೆ ಶ್ರೀಶೈಲದ ಕಥೆ ಹೇಳುತ್ತಾ ಹೋದರು. ಒಮ್ಮೆಯೂ ಹಾ ಎನ್ನಲಿಲ್ಲ. ಸಕ್ಕರೆ ಕಾಯಿಲೆ ಪಾದದ ನರಗಳನ್ನು ತಿಂದಿದೆ, ಈ ಕಾಲು ಹಿಮಕ್ಕೆ ಇಟ್ಟರೆ ಬೆರಳು ಸಾಯುವುದೂ ಇವರಿಗೆ ತಿಳಿಯುವುದಿಲ್ಲ, ಕತ್ತರಿಸಬೇಕಾದೀತು ಎಂದು ನನ್ನನ್ನು ಹೊರಗೆ ಕರೆದು ಹೇಳಿದರು.

ಹೇಳಿ, ನಾನೇನು ಮಾಡಲಿ? ಕಾಲು ಹಿಡಿದು ತಡೆಯಬಹುದು. ತಡೆದ ಮೇಲೆ ಆ ಬೆಟ್ಟಗಳಲ್ಲಿ ನಿಮಗೆ ಏನಾದರೂ ಆದರೆ? ಓದಿದವಳು ಹೀಗೆ ಬರೆಯುತ್ತಾಳೆ ಎಂದು ಬೈಯಬೇಡಿ. ಹರಕೆ ಮುರಿದರೆ ದೇವರು ಮಗನನ್ನು ಕಿತ್ತುಕೊಳ್ಳುತ್ತಾನೆ ಎಂಬ ಭಯ ಅವರಿಗೆ ಎಷ್ಟಿದೆಯೋ ನನಗೂ ಅಷ್ಟೇ ಇದೆ. ಅದಕ್ಕೇ ತುಟಿ ಹೊಲಿದುಕೊಂಡು ಅವರ ಜೊತೆ ಹೊರಡಲು ಚೀಲ ತುಂಬುತ್ತಿದ್ದೇನೆ. ಬೂಟು ಹಾಕಿಕೋ ಅವ್ವಾ ಎಂದು ನೀವೇ ಒಂದು ಮಾತು ಫೋನಿನಲ್ಲಿ ಹೇಳಿ. ನಾನು ಬರೆದೆನೆಂದು ಮಾತ್ರ ಹೇಳಬೇಡಿ.

ಬಲಜಿಂದರ ಅವರಿಗೆ ನಮಸ್ಕಾರ ತಿಳಿಸಿ. ಬೆಚ್ಚಗಿರಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಗುರು ಬಸವಣ್ಣ ನಿಮ್ಮನ್ನು ಕಾಯಲಿ.

ನಿಮ್ಮ
ಮಹಾನಂದಾ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಅತ್ತೆಯವರು ಬಂದರು. ತಡೆಯಲಾಗದೆ ಕೇಳಿಯೇಬಿಟ್ಟೆ, ಕಾಲು ಜೋಮು ಹಿಡಿದಿರುವುದು ನಿಮಗೆ ಗೊತ್ತೇ ಎಂದು. ಸಿಟ್ಟಾಗಲಿಲ್ಲ. "ಗೊತ್ತದ ಬೇ. ಅದಕ್ಕೇ ಈ ವರ್ಷ ಹೊಂಟೇನಿ. ಬರೋ ವರ್ಷ ಕಾಲು ಇರ್ತಾವೋ ಇಲ್ಲೋ. ನನ್ನ ಮಗ ವಿಶ್ವಾನ ಮುಂದ ಅನಬ್ಯಾಡ" ಎಂದು ರೊಟ್ಟಿ ಬಡಿಯಲು ಕುಳಿತರು. ರೀ, ಇವರು ಫೋನಿಗೆ ಬಗ್ಗುವವರಲ್ಲ. ನಮ್ಮ ರೈಲು ಇಪ್ಪತ್ತೈದಕ್ಕೆ. ಹೇಗಾದರೂ ರಜೆ ಹಾಕಿ ಬೆಟ್ಟದ ಬುಡಕ್ಕೆ ಬನ್ನಿ, ಬಲಜಿಂದರ ಅವರನ್ನೂ ಕರೆತನ್ನಿ. ಕಾಲು ಬರಿಗಾಲೇ ಇರಲಿ, ನೆಲ ಮುಟ್ಟುವುದು ಬೇಡ. ಇಬ್ಬರೂ ಸೇರಿ ಹೊತ್ತುಕೊಂಡು ಹತ್ತಿ.