ನಮ್ಮೂ ಕೈ ಕಚ್ಚಿಕೊಳ್ಳುವ ವೇಳೆ

೬ ಸೆಪ್ಟೆಂಬರ್ ೧೯೮೨, ಸೋಮವಾರ, ಬೆಳಿಗ್ಗೆ ೭

ನಮ್ಮೂ ಎದ್ದಳು, ಹಲ್ಲುಜ್ಜಿದಳು, ಹತ್ತು ನಿಮಿಷ ದೇವರಂಥ ಮಗು. ಹಾಲಿನ ಲಕ್ಕಪ್ಪ ಹಾಲು ಹಾಕಿ ಬಾಗಿಲು ದಾಟುವಷ್ಟರಲ್ಲಿ ಮುಂಗೈ ಕಚ್ಚಿಕೊಂಡಳು. ಲೋಟ ಬಚ್ಚಲಿಗೆ ಹಾರಿತು. ಮೂವತ್ತೊಂದು ವರ್ಷದ ತಂಗಿ, ಬುದ್ಧಿ ನಾಲ್ಕರದು, ಬರುವ ಮಾತು ಹತ್ತೋ ಹನ್ನೆರಡೋ. ಅವ್ವ ಹೋದ ಮೇಲೆ ನನ್ನ ಪಾಲಿಗೆ ಬಂದವಳು. ಪಾಲು ಅಂತ ಬರೆದದ್ದು ತಪ್ಪು... ನನಗೇ ಬೇಕಾದವಳು.

ಧಾರವಾಡದ ಡಾಕ್ಟರು ಗುಳಿಗೆ ಕೊಡಲಿಲ್ಲ. ಕಾರಣವಿಲ್ಲದೆ ಯಾರೂ ಕಚ್ಚಿಕೊಳ್ಳುವುದಿಲ್ಲ, ಮೊದಲು ಏನಾಯಿತು, ಆಮೇಲೆ ಏನಾಯಿತು, ಎರಡು ಕಾಲಂ ಹಾಕಿ ಬರೆಯಿರಿ ಅಂದರು. ಹದಿನೆಂಟು ವರ್ಷ ಶಾಲೆಯಲ್ಲಿ ಹಾಜರಿ ಬರೆದವಳು ನಾನು. ಕಾಲಮ್ಮಿಗೆ ಹೆದರುತ್ತೇನೆಯೇ?

ಲಕ್ಷ್ಮೇಶ್ವರದಿಂದ ಪ್ರಹ್ಲಾದಣ್ಣನ ಪತ್ರ. ದೂರದ ಊರಿನ ಆಶ್ರಮವೊಂದರಲ್ಲಿ ನಮ್ಮೂಗೆ ಜಾಗ ಸಿಕ್ಕಿದೆಯಂತೆ. ಅಕ್ಟೋಬರ್ ಮೂರಕ್ಕೆ ಬಂದು ಕರೆದೊಯ್ಯುತ್ತಾನಂತೆ.

೧೮ ಸೆಪ್ಟೆಂಬರ್, ಶನಿವಾರ

ಎಲ್ಲ ಅಮಾವಾಸ್ಯೆಯ ಕಾಟ ಅಂತ ಓಣಿಯವರು. ನಿನ್ನೆ ಅಮಾವಾಸ್ಯೆ, ಕಚ್ಚಿದ್ದು ಒಂದೇ ಸಲ. ಮೊನ್ನೆ ನಾಲ್ಕು ಸಲ. ಓಣಿಯ ಶಾಸ್ತ್ರ ಬಿತ್ತು.

ನನ್ನ ಶಾಸ್ತ್ರವೂ ನಿಲ್ಲುತ್ತಿಲ್ಲ. ಹಸಿವೆ? ಉಂಡ ಮೇಲೂ ಕಚ್ಚಿದಳು. ಎದುರು ಮನೆಯ ಮಗ್ಗದ ಸದ್ದು? ಮಗ್ಗ ನಿಂತ ದಿನವೂ ಕಚ್ಚಿದಳು. ಯಾರಾದರೂ ಎದ್ದು ಹೊರಟಾಗ? ಬಹಳ ಸಲ ಹೌದು. ಆದರೆ ನಿನ್ನೆ ಕಚ್ಚಿದ ಹೊತ್ತಿಗೆ ಯಾರೂ ಬಂದೂ ಇಲ್ಲ, ಹೋಗಿಯೂ ಇಲ್ಲ.

೨೩ ಸೆಪ್ಟೆಂಬರ್, ಗುರುವಾರ

ಗಂಟಲು ಕಟ್ಟಿದೆ. ಶಾಲೆಯಲ್ಲಿ ಮಗ್ಗಿ ಹೇಳಿಸಿ ಹೇಳಿಸಿ. ಮೂರು ದಿನದಿಂದ ಕೈಸನ್ನೆ. ಲಕ್ಕಪ್ಪನೂ ಕೈಸನ್ನೆಯಲ್ಲೇ ಉತ್ತರ ಕೊಡುತ್ತಾನೆ, ಅವನಿಗೇನಾಗಿದೆಯೋ.

ನಮ್ಮೂ ಮೂರು ದಿನದಿಂದ ಕಚ್ಚಿಲ್ಲ. ನನ್ನ ಮೇಲಿನ ಕನಿಕರ ಇರಬೇಕು. ಖುಷಿಯಾಯಿತು.

೨೫ ಸೆಪ್ಟೆಂಬರ್, ಶನಿವಾರ, ಮಧ್ಯಾಹ್ನ

ಕನಿಕರವಂತೆ. ಎಂಥ ಹುಚ್ಚಿ ನಾನು.

ಬೆಳಿಗ್ಗೆ ದನಿ ಬಂತು. ನಾಳೆ ಅರ್ಧ ಲೀಟರು ಹೆಚ್ಚಿಗೆ ತರಲೇ ಅಂತ ಲಕ್ಕಪ್ಪ ಕೇಳಿದ. "ಆತು" ಅಂದೆ. ಲೋಟ ಹಾರಿತು.

ನೋಟ್‌ಬುಕ್ ತೆಗೆದು ಕೂತೆ. ಲಕ್ಕಪ್ಪ ಬಂದದ್ದು, ಬೆಕ್ಕು ಹಾರಿದ್ದು, ಮಳೆ ಬಿದ್ದದ್ದು, ಎಲ್ಲ ಇದೆ. ನಾನು ಏನಂದೆ ಅನ್ನುವುದು ಮಾತ್ರ ಒಂದು ಕಡೆಯೂ ಇಲ್ಲ. ಹೊರಟವರಿಗೆ ಆತು, ಅನ್ನ ಬೆಂದರೆ ಆತು, ಒಬ್ಬಳೇ ಇದ್ದರೂ ಆತು. ಊರೆಲ್ಲ ಅನ್ನುವ ಮಾತನ್ನು ಯಾರು ಬರೆದುಕೊಳ್ಳುತ್ತಾರೆ?

ಈ ಮಾತಿಗೆ ನಮ್ಮೂ ಯಾಕೆ ಹೆದರುತ್ತಾಳೆ ಅಂತ ಪಕ್ಕದ ಮನೆಯ ಹಸೀನಾಬಿಯನ್ನು ಕೇಳಿದೆ. ನಮ್ಮೂಗೆ ಆರು ವರ್ಷವಿದ್ದಾಗ ಕಾಲ ಮೇಲೆ ಕುದಿನೀರು ಬಿದ್ದಿತ್ತು. ನಾನು ಆಗ ಹುಬ್ಬಳ್ಳಿಯಲ್ಲಿ ಮಾಮಾನ ಮನೆಯಲ್ಲಿದ್ದು ಓದುತ್ತಿದ್ದೆ.

"ದಿನಾ ನಾನ ಕಾಲು ಹಿಡೀತಿದ್ದೆ. ಅಂಟಿದ್ದ ಪಟ್ಟಿ ಕೀಳೂಮುಂದ ನಿಮ್ಮ ಅವ್ವಾರು ಆತು, ಆತು ಅಂತಿದ್ರು. ಆಗಿರತಿರಲಿಲ್ರಿ. ಇನ್ನೂ ಅರ್ಧ ಉಳದಿರತಿತ್ತು."

ನಮಗೆಲ್ಲ ಮುಗಿಯುವ ಮಾತು, ಅವಳಿಗೆ ಸುರುವಾಗುವ ಮಾತು. ಒಲೆಯ ಮುಂದೆ ಕೂತು ಅತ್ತೆ.

೩೦ ಸೆಪ್ಟೆಂಬರ್, ಗುರುವಾರ

ಆ ಮಾತು ಬಿಟ್ಟು ಐದು ದಿನ. ಅರ್ಧ ಬಂದ ಮೇಲೆ ನೆನಪಾಗುತ್ತದೆ, ಬಾಯಿಗೆ ಕೈ ಅಡ್ಡ ಹಿಡಿಯುತ್ತೇನೆ. ನಮ್ಮೂಗೆ ಅದೊಂದು ಆಟ. ನಿನ್ನೆ ತಾನೇ ಓಡಿ ಬಂದು ನನ್ನ ಬಾಯಿ ಮುಚ್ಚಿದಳು. ಅಂಗೈಯೆಲ್ಲ ಹುಣಸೆಹಣ್ಣಿನ ವಾಸನೆ.

ಲಕ್ಕಪ್ಪ ಈಗ "ಹೂಂರಿ" ಅನ್ನುತ್ತಾನೆ. ಗಾಯ ಒಣಗಿ ಹಕ್ಕಳೆ ಕಟ್ಟಿದೆ. ಇಷ್ಟು ಸುಖವಾಗಿ ನಿದ್ದೆ ಮಾಡಿ ಎಷ್ಟು ದಿನವಾಗಿತ್ತು.

೩ ಅಕ್ಟೋಬರ್, ರವಿವಾರ, ಸಂಜೆ ೬

ಅಣ್ಣ ಬೆಳಗಿನ ಬಸ್ಸಿಗೆ ಬಂದ. ಆಶ್ರಮಕ್ಕೆ ಹೋಗುವಾಗ ಉಡಲಿ ಅಂತ ನಮ್ಮೂಗೆ ಹೊಸ ಸೀರೆ ತಂದಿದ್ದ. ನೋಟ್‌ಬುಕ್ ತೋರಿಸಿದೆ. ಒಂದು ಮಾತಿಗೆ ಯಾರಾದರೂ ಕೈ ಕಚ್ಚಿಕೊಳ್ಳುತ್ತಾರೇನು ಅಂತ ನಕ್ಕ. ಆದರೂ ಆ ಮಾತು ಅನ್ನುವುದಿಲ್ಲ ಅಂತ ಒಪ್ಪಿದ.

ಊಟಕ್ಕೆ ಕೂತಾಗ ನಮ್ಮೂ ತಾನೇ ತುಪ್ಪ ಬಡಿಸಿದಳು, ಅರ್ಧ ಎಲೆಗೆ, ಅರ್ಧ ತನ್ನ ಕೈಗೆ. ಅಣ್ಣ ಆ ಕೈ ಹಿಡಿದು ಒಣಗಿದ ಗಾಯ ನೋಡಿದ. ಬಹಳ ಹೊತ್ತು. ಆಮೇಲೆ ಎಲ್ಲ ಮರೆತು ನನ್ನ ಕಡೆ ತಿರುಗಿ ಅಂದೇಬಿಟ್ಟ —

"ಆತು ಸುಂದರಾ. ಇಕಿ ಇಲ್ಲೇ ಇರ್ಲಿ."

ನಮ್ಮೂ ಕೈಯನ್ನು ಬಾಯಿಯವರೆಗೆ ಒಯ್ದಳು. ತಡೆದುಕೊಂಡಳು. ಆಮೇಲೆ ಆ ತುಪ್ಪದ ಕೈಯಿಂದಲೇ ಅಣ್ಣನ ಬಾಯಿ ಮುಚ್ಚಿದಳು. ಮೀಸೆಗೆಲ್ಲ ತುಪ್ಪ. ಅಣ್ಣ ಮಿಸುಕಾಡಲಿಲ್ಲ. ಕಣ್ಣು ತುಂಬಿಕೊಂಡು, ಮುಚ್ಚಿದ ಬಾಯಲ್ಲೇ ತಲೆಯಾಡಿಸಿದ.

ಐದರ ಬಸ್ಸಿಗೆ ಒಬ್ಬನೇ ಹೋದ. ಸೀರೆ ಬಿಟ್ಟುಹೋದ. ನಮ್ಮೂ ಅದನ್ನೇ ಉಟ್ಟು ನನ್ನ ತೋಳು ಜಗ್ಗುತ್ತಿದ್ದಾಳೆ, ಹಸೀನಾಬಿಗೆ ತೋರಿಸಬೇಕಂತೆ. ಬಂದೆ ನಮ್ಮೂ, ಇದೊಂದು ಸಾಲು, ಇನ್ನೇನು ಆ—