ದೂರಿಗೆ ಅಂಟಿಸಿದ ಸ್ಟಾಂಪು

ಕಡಬ
೧೪ ಜುಲೈ ೨೦೨೫

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ನೋವು ಹೇಗುಂಟು? ಕಲ್ಲುಗುಂಡಿಯಲ್ಲಿ ತಂಗಿ ಭವಿತಾಳ ಬಾಣಂತನದ ಗಡಿಬಿಡಿಯಲ್ಲಿ ನಿನ್ನ ಕಷಾಯ ಮರೆಯಬೇಡ. ಮಗುವಿಗೆ ಎಣ್ಣೆ ಹಚ್ಚುವುದನ್ನು ಅವಳಿಗೂ ಕಲಿಸು, ಎಲ್ಲ ನೀನೇ ಮೈಮೇಲೆ ಎಳೆದುಕೊಳ್ಳುತ್ತೀ. ಫೋನು ಮಾಡಿದರೆ ನೀನು ಅಳುತ್ತೀ, ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ. ಅದಕ್ಕೇ ಈ ಕಾಗದ.

ನಿನ್ನ ತಮ್ಮ, ವೆಂಕಪ್ಪ ಮಾವನ ಹೋಟೆಲಿನ ಕೊಳಚೆ ನೀರು ಅಂಗನವಾಡಿಯ ಬಾವಿಗೆ ಇಳಿಯುತ್ತಿದೆ. ಆರು ಮಕ್ಕಳಿಗೆ ವಾಂತಿಭೇದಿ. ಪಟ್ಟಣ ಪಂಚಾಯತಿನ ಆರೋಗ್ಯ ನಿರೀಕ್ಷಕಿ ನಾನೇ ಆದ ಮೇಲೆ ನೋಟಿಸು ಕೊಡುವವಳೂ ನಾನೇ ಅಲ್ಲವಾ? ಮೂರು ಕೊಟ್ಟೆ. ಮೂರನೆಯದರ ಹಾಳೆಯಲ್ಲೇ ಮಾವ ಯಾರಿಗೋ ಗೋಳಿಬಜೆ ಕಟ್ಟಿ ಕೊಟ್ಟರು! ನನಗೆ ಸಿಟ್ಟು ನೆತ್ತಿಗೇರಿತು. "ನಿನ್ನನ್ನು ದಿನಾ ಬೈಕಿನಲ್ಲಿ ಪುತ್ತೂರಿಗೆ ಬಿಟ್ಟು ಓದಿಸಿದ್ದು ಇದಕ್ಕಾ ಮಾರಾಯ್ತಿ?" ಎಂದರು. ಸಿಟ್ಟು ಅಲ್ಲೇ ಇಳಿದುಹೋಯಿತು. ಅಪ್ಪ ಹೋದ ಮೇಲೆ ನಮಗೆ ಅವರಲ್ಲದೆ ಯಾರಿದ್ದರು, ಹೇಳು.

ಕೊನೆಗೆ ಕೋರ್ಟಿಗೆ ದೂರು ಬರೆದೆ. ಹುದ್ದೆಯ ಹೆಸರಿನಲ್ಲಿ ಕೊಡುವ ದೂರಿಗೆ ಕೋರ್ಟ್ ಶುಲ್ಕ ಇಲ್ಲವೆಂದು ಗೊತ್ತು. ಆದರೂ ಸ್ವಂತ ಮಾವನ ಮೇಲೆ ಬಿಟ್ಟಿಯಾಗಿ ದೂರು ಕೊಡುವುದು ಕಳ್ಳತನದ ಹಾಗೆ ಅನಿಸಿ, ಸ್ಟಾಂಪು ತಂದು ಅಂಟಿಸಿದೆ. ಪುತ್ತೂರು ಕೋರ್ಟಿನ ಗುಮಾಸ್ತೆ ಸತ್ಯವತಿಯಮ್ಮ ಕನ್ನಡಕ ಏರಿಸಿ, "ಇದೆಂತ ಮಾಡಿದ್ದು ಮಾರಾಯ್ರೆ? ಪಂಚಾಯತಿನ ದೂರಿಗೆ ಸ್ಟಾಂಪು ಬೇಡ. ನಿಮ್ಮ ಸ್ವಂತದ್ದಾದರೆ ಬೇಕು. ಇದು ಯಾರದ್ದು, ಸರಿ ಹೇಳಿ" ಎಂದರು. ನನ್ನದಾದರೆ ನಾಳೆ ನೀನು ಹೇಳಿದ ಕೂಡಲೇ ಹಿಂದೆ ತೆಗೆದೇನು. ಪಂಚಾಯತಿನದ್ದಾದರೆ ಅದು ನನ್ನ ಕೈಯಲ್ಲಿಲ್ಲ. ಮಾವನನ್ನು ನೋಡಲೋ, ಆ ಮಕ್ಕಳನ್ನು ನೋಡಲೋ? ದೂರನ್ನು ವಾಪಸು ತಂದೆ. ಇಷ್ಟು ಓದಿಯೂ ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಗೊತ್ತಿಲ್ಲವಲ್ಲ ಅಮ್ಮಾ! ಮೂರು ದಿನದಿಂದ ಊಟ ಸೇರುತ್ತಿಲ್ಲ. ನೀನಾದರೆ ಏನು ಮಾಡುತ್ತಿದ್ದೆ?

ಮಗುವಿಗೆ ದೊಡ್ಡಮ್ಮನ ಮುತ್ತು. ಭವಿತಾ ತಣ್ಣೀರು ಮುಟ್ಟದಿರಲಿ. ನಿನ್ನ ನೋವಿನ ಕಾಲಿಗೆ ಮೆಲ್ಲಗೆ ನಮಸ್ಕಾರ.

ನಿನ್ನ ಮಗಳು
ಗಾನಶ್ರೀ

ತಾ.ಕ.: ಕಾಗದ ಅಂಚೆಗೆ ಹಾಕುವ ಮೊದಲು ಪುತ್ತೂರಿಗೆ ಹೋಗಿ ಬಂದೆ. ದೂರನ್ನು ಹೊಸ ಹಾಳೆಯಲ್ಲಿ ಬರೆದು, ಸ್ಟಾಂಪಿಲ್ಲದೆ ಕೊಟ್ಟೆ. ಇನ್ನು ನೀನು ಹೇಳಿದರೂ ಹಿಂದೆ ತೆಗೆಯಲು ನನ್ನಿಂದಾಗದು. ಮಾವ ನಿನಗೆ ಫೋನು ಮಾಡಿ ಅಳುತ್ತಾರೆ. ಆಗ ನನ್ನನ್ನು ಉಳಿಸಲಿಕ್ಕೆಂದು, ಪಂಚಾಯತಿನವರು ಕೊಟ್ಟದ್ದು ಅಂತ ಹೇಳಬೇಡ ಅಮ್ಮಾ. ನನ್ನ ಮಗಳೇ ಕೊಟ್ಟದ್ದು ಅಂತ ಹೇಳು.